ಉಪ್ಪು ಕೇಳುವ ಕಟ್ಟೆ

ಸ್ವಲ್ಪ ಹತ್ತಿರ ಬನ್ನಿ, ಇದು ಜೋರಾಗಿ ಹೇಳುವ ಮಾತಲ್ಲ. ಓದಿದವರು ಓದಿದಲ್ಲೇ ಬಿಟ್ಟುಬಿಡಬೇಕು, ಮನೆಗೆ ಹೋಗಿ ಸೊಸೆಯ ಹತ್ತಿರ ಹೇಳಬಾರದು, ಓರಗಿತ್ತಿಯ ಹತ್ತಿರವಂತೂ ಹೇಳಲೇಬಾರದು. ಭಾಗಮ್ಮನ ವಂಶದವರು ಇವತ್ತಿಗೂ ಆ ಸಂದಿಯಲ್ಲೇ ಇದ್ದಾರೆ, ಎದುರಿಗೆ ಸಿಕ್ಕಿದರೆ ನಗುತ್ತಾರೆ, ಆ ನಗು ಹಾಳಾಗುವುದು ಬೇಡ. ಯಾರು ಹೇಳಿದ್ದು ಅಂತ ಕೇಳಿದರೆ ಗೊತ್ತಿಲ್ಲ ಅನ್ನಿ.

ಬೆಂಗಳೂರಿನ ಹಳೇ ಪೇಟೆಯಲ್ಲಿ ಪಾತ್ರೆ ಅಂಗಡಿಗಳ ಸಾಲು ದಾಟಿ, ಜರಿ ಮಾರುವವರ ಪಕ್ಕದಲ್ಲಿ ಎಡಕ್ಕೆ ತಿರುಗಿದರೆ ಒಂದು ಸಂದಿ ಸಿಗುತ್ತದೆ. ಎರಡು ಸ್ಕೂಟರು ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕು, ಯಾವುದು ಸರಿಯಬೇಕು ಅನ್ನುವುದರ ಮೇಲೆ ಅಲ್ಲಿ ದಿನಾ ಒಂದು ಜಗಳ. ಊರು ಆ ಕಡೆ ಈ ಕಡೆ ಎಷ್ಟು ಬೆಳೆದರೂ ಈ ಸಂದಿಯನ್ನು ಕೇಳುವವರಿರಲಿಲ್ಲ. ಈಗೀಗ ಭಾನುವಾರ ಬೆಳಿಗ್ಗೆ ಬೆನ್ನಿಗೆ ಚೀಲ ಹಾಕಿಕೊಂಡ ಗುಂಪುಗಳು ಬರುತ್ತವೆ. ಹಳೇ ಊರು ನೋಡಬೇಕಂತೆ, ಹಳೇ ತಿಂಡಿ ತಿನ್ನಬೇಕಂತೆ. ಸಂದಿಯ ಬಾಯಲ್ಲಿ ಖಾಲಿ ದೋಸೆ ತಿಂದು, ನಡುವೆ ಕೊಬ್ಬರಿ ಮಿಠಾಯಿ ಕಟ್ಟಿಸಿಕೊಂಡು, ಕೊನೆಯಲ್ಲಿರುವ ಊಟದ ಮನೆಗೆ ಬಂದು ನಿಲ್ಲುತ್ತಾರೆ. ಅಲ್ಲಿ ಹುಳಿ, ಅನ್ನ, ಮಜ್ಜಿಗೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಊಟದ ಮನೆಯ ಹಿಂಗೋಡೆಗೆ ಅಂಟಿಕೊಂಡು ಒಂದು ಕಪ್ಪು ಕಲ್ಲಿನ ಕಟ್ಟೆ, ಕಟ್ಟೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಗುಣಿ, ಗುಣಿಯ ತುಂಬ ಕಲ್ಲುಪ್ಪು. ಗೋಡೆಯಲ್ಲಿ ಒಂದು ಕಿಟಕಿ, ಅದೂ ಸೊಂಟಕ್ಕಿಂತ ಕೆಳಗೆ. ಇದಕ್ಕೆ ಉಪ್ಪು ಕೇಳುವ ಕಟ್ಟೆ ಎಂದು ಹೆಸರು.

ಗುಂಪು ಕರೆದುಕೊಂಡು ಬರುವ ಹುಡುಗರು ಒಂದು ಕಥೆ ಹೇಳುತ್ತಾರೆ. ಯಾರೋ ರಾಜ ವೇಷ ಮರೆಸಿಕೊಂಡು ಬಂದು ಇಲ್ಲಿ ಉಂಡನಂತೆ, ರುಚಿಗೆ ಮೆಚ್ಚಿ ಉಪ್ಪಿನ ಸುಂಕ ಬಿಟ್ಟನಂತೆ. ಸುಂಕ ಬಿಡುವ ರಾಜ ಈ ಸಂದಿಗೆ ಯಾಕೆ ಬರುತ್ತಾನೆ? ರಾಜನೂ ಇಲ್ಲ, ಸುಂಕವೂ ಇಲ್ಲ. ಇದ್ದದ್ದು ಒಬ್ಬ ಅಡುಗೆಯವಳು, ಒಬ್ಬ ಓಲಗದವನು.

ಹಿಂದೆ ಒಮ್ಮೆ, ಪೇಟೆಗೆ ಇನ್ನೂ ಸುತ್ತ ಮಣ್ಣಿನ ಗೋಡೆಯಿದ್ದು ಸಂಜೆಗೆ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ, ಆ ಊಟದ ಮನೆಯ ಜಾಗದಲ್ಲಿ ಒಂದು ಛತ್ರವಿತ್ತು, ಛತ್ರದೊಳಗೆ ಒಂದು ಸಣ್ಣ ದೇವರ ಗುಡಿಯಿತ್ತು ಎನ್ನುತ್ತಾರೆ. ಅಡುಗೆಗೆ ಇದ್ದವಳು ಅಚ್ಚಮ್ಮ. ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ಅವನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ಬಂದವಳು. ವಯಸ್ಸು ಇನ್ನೂ ಹೂ ಮುಡಿಯುವ ವಯಸ್ಸು. ಅವಳ ಕೈಯ ಹುಳಿಗೆ ದೂರದ ಊರಿನ ವರ್ತಕರು ದಾರಿ ಸುತ್ತಿಕೊಂಡು ಬರುತ್ತಿದ್ದರು. ಆದರೆ ಅಚ್ಚಮ್ಮನಿಗೆ ಒಂದು ಸಂಕಟವಿತ್ತು. ದೇವರಿಗೆ ತೋರಿಸುವ ಅಡುಗೆಯನ್ನು ಮಾಡುವವರು ರುಚಿ ನೋಡುವ ಹಾಗಿಲ್ಲ. ನೈವೇದ್ಯವಾದ ಮೇಲೂ ಅವಳಿಗೆ ಊಟ ಎಲ್ಲರೂ ಎದ್ದ ಮೇಲೇ. ಉಪ್ಪು ಹೆಚ್ಚೋ ಕಡಿಮೆಯೋ ಅವಳಿಗೆ ಗೊತ್ತಾಗುವ ಹೊತ್ತಿಗೆ ಪಂಕ್ತಿಯವರು ಕೈ ತೊಳೆದುಕೊಂಡು ಬೈದು ಮುಗಿಸಿರುತ್ತಿದ್ದರು.

ನೈವೇದ್ಯದ ಹೊತ್ತಿಗೆ ಓಲಗ ಊದುತ್ತಿದ್ದವನು ಪಾಪಣ್ಣ. ಊದಿ ಮುಗಿಸಿದ ಮೇಲೆ ಪಂಕ್ತಿ ಕೂರುವ ಮೊದಲು ಅವನ ಪಾಲಿನ ಊಟವನ್ನು ಹಿಂದಿನ ಕಟ್ಟೆಯ ಮೇಲೆ ಎಲೆ ಹಾಕಿ ಬಡಿಸುವುದು ಪದ್ಧತಿ. ಒಳಗೆ ಬರುವ ಜಾತಿಯವನಲ್ಲ, ಅದಕ್ಕೇ ಹಿಂದಿನ ಕಟ್ಟೆ. ಹೀಗೆ ದೇವರನ್ನು ಬಿಟ್ಟರೆ ಆ ಅಡುಗೆಯ ರುಚಿ ಮೊದಲು ಗೊತ್ತಾಗುತ್ತಿದ್ದದ್ದು ಅವನಿಗೆ. ಒಂದು ದಿನ ಅಚ್ಚಮ್ಮ ಧೈರ್ಯ ಮಾಡಿ ಕಿಟಕಿಗೆ ಬಗ್ಗಿ, ಉಪ್ಪು ಹೇಗಿದೆ ಅಂತ ಕೇಳಿದಳು. ಒಂದು ಚಿಟಿಕೆ ಬೇಕು ಅಮ್ಮಾವ್ರೇ ಅಂದ. ಹಾಕಿದಳು. ಅವತ್ತು ಪಂಕ್ತಿಯಲ್ಲಿ ಒಬ್ಬರೂ ಗೊಣಗಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಅವಳು ದಿನಾ ಕೇಳುವುದು, ಅವನು ದಿನಾ ಹೇಳುವುದು. ಕಿಟಕಿ ಅಷ್ಟು ಕೆಳಗಿರುವುದರಿಂದ ಅವಳಿಗೆ ಕಾಣುತ್ತಿದ್ದದ್ದು ಅವನ ಎಲೆ, ಅವನ ಕೈ, ಓಲಗ ಒತ್ತಿ ಒತ್ತಿ ಚಪ್ಪಟೆಯಾದ ಬೆರಳ ತುದಿ, ಇಷ್ಟೇ. ಅವನಿಗೆ ಕಾಣುತ್ತಿದ್ದದ್ದು ಸೌಟು ಹಿಡಿದ ಕೈ, ಮಸಿ ಹಿಡಿದ ಕೆಂಪು ಸೆರಗಿನ ಅಂಚು. ಮುಖ ನೋಡಬೇಕು ಅಂದರೆ ಅವನು ಕಟ್ಟೆಗೆ ತಲೆ ಹಚ್ಚಬೇಕಿತ್ತು, ಹಚ್ಚಲಿಲ್ಲ ಎನ್ನುತ್ತಾರೆ. ನಾಲಿಗೆ ಹೊಲಸಾದವರು ಏನೇನೋ ಕಟ್ಟಿದ್ದಾರೆ, ಬಾವಿಕಟ್ಟೆಯ ಹತ್ತಿರ ನೋಡಿದೆವು, ಹಿತ್ತಲ ಬಾಗಿಲು ತೆರೆದಿತ್ತು ಅಂತ. ಅಷ್ಟು ರಸವತ್ತಾಗಿ ಏನಾದರೂ ನಡೆದಿದ್ದರೆ ನಮಗೆ ಗೊತ್ತಾಗದೆ ಇರುತ್ತಿತ್ತೇ? ನಡೆದದ್ದು ಬೇರೆ. ಪಾಪಣ್ಣ ಒಂದು ದಿನ ಅಮ್ಮಾವ್ರೇ ಅನ್ನುವುದನ್ನು ಬಿಟ್ಟ. ಸರಿಯಾಗಿದೆ ಅಂದ, ಅಷ್ಟೇ, ಹಿಂದೆ ಮುಂದೆ ಏನೂ ಇಲ್ಲ. ಅವಳ ಎದೆಯಲ್ಲಿ ಯಾರೋ ಕೊಡ ಇಳಿಸಿದ ಹಾಗಾಯಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಒಂದು ಮಾತಿಗೆ ಕಾಯುವುದು, ಮಧ್ಯಾಹ್ನದಿಂದ ಮಾರನೇ ಬೆಳಗಿನವರೆಗೆ ಅದನ್ನೇ ನೆನೆಸಿಕೊಳ್ಳುವುದು, ಹೀಗೆ ಅವಳ ದಿನ ಎರಡು ಹೋಳಾಯಿತು.

ಮನಸ್ಸು ಎಲ್ಲೋ ಇರುವವರ ಕೈ ನೆಟ್ಟಗಿರುತ್ತದೆಯೇ? ಒಂದು ಶ್ರಾವಣ ಶುಕ್ರವಾರ ಅಚ್ಚಮ್ಮ ಹುಳಿಗೆ ಉಪ್ಪು ಹಾಕಿ, ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದಳು. ಕಿಟಕಿಯಲ್ಲಿ ಕೇಳಿದಾಗ ಪಾಪಣ್ಣ, ಸರಿಯಾಗಿದೆ ಅಂದ. ಅಂದದ್ದಷ್ಟೇ ಅಲ್ಲ, ಎಲೆಯಲ್ಲಿ ಒಂದು ಅಗುಳು ಬಿಡದೆ ಉಂಡ. ಆಮೇಲೆ ಪಂಕ್ತಿ ಕೂತಿತು. ಛತ್ರದ ಪಾರುಪತ್ಯಗಾರ ಅಣ್ಣಾಜಿರಾಯ ಮೊದಲ ತುತ್ತಿಗೇ ಎದ್ದು ಹೋಗಿ ಉಗುಳಿ ಬಂದ. ಸಮುದ್ರ ಬಡಿಸಿದ್ದೀಯಾ ಅಂತ ಅಚ್ಚಮ್ಮನ ಮೇಲೆ ಹಾರಾಡಿದ. ಅವಳು ಹೆದರಿ, ಓಲಗದವರು ಸರಿಯಾಗಿದೆ ಅಂದರಲ್ಲ ಅಂದುಬಿಟ್ಟಳು. ಮಾತು ಹೊರಗೆ ಬಿತ್ತು. ಇಂಥ ಹುಳಿಯನ್ನು ಎಲೆ ನೆಕ್ಕಿ ಉಂಡು ಸರಿಯಾಗಿದೆ ಅನ್ನುವ ಗಂಡಸಿನ ಹೊಟ್ಟೆಯಲ್ಲಿ ಏನಿದೆ ಅಂತ ತಿಳಿಯಲು ಯಾರಿಗೂ ಪಂಡಿತರು ಬೇಕಾಗಲಿಲ್ಲ. ಅಚ್ಚಮ್ಮನಿಗೂ ಆಗಲೇ ತಿಳಿದದ್ದು. ಅಷ್ಟು ಜನರ ಮುಂದೆ ಬೈಸಿಕೊಳ್ಳುತ್ತ ನಿಂತಿದ್ದವಳಿಗೆ ಒಳಗೊಳಗೇ ಹಿಗ್ಗು.

ಅಣ್ಣಾಜಿರಾಯ ಅಲ್ಲೇ ತೀರ್ಪು ಕೊಟ್ಟ. ಪಾಪಣ್ಣ ಛತ್ರ ಬಿಡಬೇಕು, ಪೇಟೆಯನ್ನೂ ಬಿಡಬೇಕು. ಮಾರನೇ ದಿನ ಶ್ರಾವಣ ಶನಿವಾರದ ದೊಡ್ಡ ಪೂಜೆ, ಬೇರೆ ಓಲಗ ಅಷ್ಟು ಬೇಗ ಸಿಗುವುದಿಲ್ಲ, ಆದ್ದರಿಂದ ಅದೊಂದು ದಿನ ಊದಿ ಹೊರಡಬೇಕು. ಅವತ್ತು ಅವನ ಪಾಲನ್ನು ದೊಡ್ಡ ಪಾತ್ರೆಯಿಂದ ಬಡಿಸಕೂಡದು, ಸಣ್ಣ ತಪ್ಪಲೆಯಲ್ಲಿ ಬೇರೆ ತೆಗೆದಿಡಬೇಕು. ಅಚ್ಚಮ್ಮ ಕಿಟಕಿಯ ಹತ್ತಿರ ಸುಳಿಯದ ಹಾಗೆ ನೋಡಿಕೊಂಡು ಆ ತಪ್ಪಲೆಯನ್ನು ಕಟ್ಟೆಗೆ ಒಯ್ಯುವುದಕ್ಕೆ ಪಕ್ಕದ ಮನೆಯ ಭಾಗಮ್ಮ ನಾಳೆ ಅಡುಗೆಮನೆಯಲ್ಲಿ ಕೂರಬೇಕು. ಭಾಗಮ್ಮನಿಗೆ ಇದಕ್ಕಿಂತ ದೊಡ್ಡ ಪದವಿ ಬೇಕೇ? ಕಾವಲೂ ಆಯಿತು, ಕಾಲಕ್ಷೇಪವೂ ಆಯಿತು.

ಒಳಗೆ ಈ ಕೂಗಾಟ ನಡೆಯುತ್ತಿರುವಾಗ ಅಚ್ಚಮ್ಮ ಕಣ್ಣೊರೆಸಿಕೊಳ್ಳಲು ಅಡುಗೆಮನೆಗೆ ಬಂದಳು. ಕಿಟಕಿಯಾಚೆ ಆ ಕೈ ಇನ್ನೂ ಕಟ್ಟೆಯ ಮೇಲೇ ಇತ್ತು. ತೀರ್ಪೆಲ್ಲ ಅವನಿಗೂ ಕೇಳಿಸಿತ್ತು.

“ನಾಳೆ ಮಾತಾಡೋಕೆ ಬಿಡೋದಿಲ್ಲ,” ಅಂದ ಪಾಪಣ್ಣ. “ನನ್ನ ಜೊತೆ ಬರೋ ಮನಸ್ಸಿದ್ರೆ ನನ್ನ ಪಾಲಿನ ಹುಳಿಗೆ ಉಪ್ಪು ಹಾಕಬೇಡ. ಸಪ್ಪೆ ಇದ್ರೆ ಗಾಡಿ ತಂದು ಹಿತ್ತಲ ಬಾಗಿಲಲ್ಲಿ ನಿಲ್ಲಿಸ್ತೀನಿ. ಉಪ್ಪಿದ್ರೆ ನಿನಗೆ ಇಷ್ಟ ಇಲ್ಲ ಅಂತ ತಿಳ್ಕೊಂಡು ಸುಮ್ನೆ ಹೋಗ್ತೀನಿ. ನಿನ್ನ ಹೆಸರು ಎಲ್ಲೂ ಎತ್ತೋದಿಲ್ಲ.”

ಅಷ್ಟರಲ್ಲಿ ಒಳಗಿನಿಂದ ಅಣ್ಣಾಜಿರಾಯ ಕೂಗಿದ. ಅಚ್ಚಮ್ಮ ಮುಖ ಒರೆಸಿಕೊಂಡು ಓಡಿದಳು. ಆ ರಾತ್ರಿಯೆಲ್ಲ ಅವಳು ಏನು ಯೋಚಿಸಿದಳೋ, ದೇವರ ಮುಂದೆ ಎಷ್ಟು ಸಲ ಕೆನ್ನೆ ಬಡಿದುಕೊಂಡಳೋ, ಬೆಳಿಗ್ಗೆ ಎದ್ದಾಗ ಮನಸ್ಸು ಗಟ್ಟಿಯಾಗಿತ್ತು. ಬೇಳೆ ಬೆಂದು, ಹುಳಿ ಕುದಿ ಬಂದ ಮೇಲೆ, ಉಪ್ಪು ಹಾಕುವ ಮೊದಲೇ ಒಂದು ಸೌಟು ಹುಳಿಯನ್ನು ಸಣ್ಣ ತಪ್ಪಲೆಗೆ ತೆಗೆದಳು. ಆಮೇಲೆ ದೊಡ್ಡ ಪಾತ್ರೆಗೆ ಅಳತೆ ನೋಡಿ ಉಪ್ಪು ಹಾಕಿದಳು. ಹೀಗೆ ದೇವರಿಗೂ ಮೋಸವಾಗಲಿಲ್ಲ, ಪಂಕ್ತಿಗೂ ಆಗಲಿಲ್ಲ. ಬಟ್ಟೆ ಗಂಟು ಕಟ್ಟಿಕೊಳ್ಳಲು ಒಳಕೋಣೆಗೆ ಹೋದಳು. ಗಂಟಿನಲ್ಲಿ ಇನ್ನೊಂದು ಸೀರೆ, ಒಂದು ಸೌಟು. ಯಾವ ಊರಿಗೆ ಹೋದರೂ ಅವನಿಗೆ ಅಡುಗೆ ಮಾಡಿ ಹಾಕಬೇಕಲ್ಲ.

ಭಾಗಮ್ಮ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು, ನೋಡುವುದೇ ಅವಳಿಗೆ ಕೊಟ್ಟ ಕೆಲಸ. ತಪ್ಪಲೆಗೆ ತೆಗೆದದ್ದು ಮೊದಲು, ಉಪ್ಪು ಬಿದ್ದದ್ದು ಆಮೇಲೆ, ಅವಳ ಕಣ್ಣು ತಪ್ಪಲಿಲ್ಲ. ಅಯ್ಯೋ, ಈ ಹುಡುಗಿಗೆ ನಿನ್ನೆಯ ಗದ್ದಲದಲ್ಲಿ ಬುದ್ಧಿ ಕೆಟ್ಟಿದೆ ಅಂದುಕೊಂಡಳು. ಇವತ್ತು ಅವನು ಸಪ್ಪೆ ಅಂತ ಬಾಯಿ ತೆರೆದರೆ ಅಣ್ಣಾಜಿರಾಯ ಇವಳನ್ನು ಬೀದಿಗೆ ಹಾಕುತ್ತಾನೆ, ಅನ್ನಕ್ಕೆ ಗತಿಯಿಲ್ಲದ ಮುಂಡೆ ಎಲ್ಲಿಗೆ ಹೋಗುತ್ತಾಳೆ ಅಂತ ಕರುಳು ಚುರ್ ಅಂದಿತು. ಅತ್ತಿತ್ತ ನೋಡಿ, ಮರಿಗೆಯಿಂದ ಬೇಕಾದಷ್ಟು ಉಪ್ಪು ತೆಗೆದು ಸಣ್ಣ ತಪ್ಪಲೆಗೆ ಹಾಕಿ ಕದಡಿದಳು. ಊರಿಗೆಲ್ಲ ಕೊಂಕು ಮಾತಾಡುವ ಭಾಗಮ್ಮ ಹೇಳಿಕೊಳ್ಳದೆ ಮಾಡಿದ ಉಪಕಾರ ಅದೊಂದೇ.

ಪಾಪಣ್ಣ ಅವತ್ತು ಊದಿದ ಹಾಗೆ ಯಾವತ್ತೂ ಊದಿರಲಿಲ್ಲ ಎನ್ನುತ್ತಾರೆ. ಕೊನೆಗೆ ಉಸಿರನ್ನು ಒಂದಿಷ್ಟು ಜಗ್ಗಿ, ಬಿಡಲಾರದೆ ಬಿಟ್ಟ ಹಾಗೆ ಬಿಡುವುದು ಅವನ ಅಭ್ಯಾಸ, ಅವತ್ತು ಅದನ್ನು ಬಹಳ ಹೊತ್ತು ಜಗ್ಗಿದ. ಕಟ್ಟೆಗೆ ಬಂದು ಕೂತ. ಭಾಗಮ್ಮ ಬಡಿಸಿದಳು. ಮೊದಲ ತುತ್ತು ಬಾಯಿಗಿಟ್ಟವನು ಸ್ವಲ್ಪ ಹೊತ್ತು ಅಗಿಯಲೇ ಇಲ್ಲ. ಆಮೇಲೆ ಎಲೆಯಲ್ಲಿದ್ದದ್ದನ್ನೆಲ್ಲ ನಿಧಾನವಾಗಿ ಉಂಡು, ಕೈ ತೊಳೆದು, ಓಲಗವನ್ನು ಬಟ್ಟೆಯಲ್ಲಿ ಸುತ್ತಿ ಎದ್ದ. ಅವತ್ತು ಉಪ್ಪು ಹೇಗಿದೆ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಚ್ಚಮ್ಮ ಒಳಕೋಣೆಯಲ್ಲಿ ಅವನ ಹೆಜ್ಜೆ ದೂರವಾಗುವುದನ್ನು ಕೇಳಿಸಿಕೊಂಡು, ಗಾಡಿ ತರಲು ಹೋದ ಅಂತ ಗಂಟನ್ನು ಎದೆಗೆ ಒತ್ತಿ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಪಂಕ್ತಿ ಎದ್ದಿತು. ಬಿಸಿಲು ಗೋಡೆ ಇಳಿಯಿತು. ಪೇಟೆಯ ಬಾಗಿಲು ಹಾಕುವ ನಗಾರಿ ಬಡಿಯಿತು. ಸಂದಿಗೆ ಯಾವ ಗಾಡಿಯೂ ಬರಲಿಲ್ಲ.

ಅವಳು ಗಂಟು ಬಿಚ್ಚಿ, ಸೌಟನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ನಾನು ಬರುತ್ತೇನೆ ಅಂತ ಹೇಳಿಕಳಿಸಿದ ಮೇಲೆ ಅವನು ಹೆದರಿ ಓಡಿಹೋದ ಅನ್ನುವುದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಬೈಯೋಣವೆಂದರೆ ಎರಡು ಪಾಲು ಉಪ್ಪು ತಿಂದು ಸರಿಯಾಗಿದೆ ಅಂದ ಬಾಯಿ ನೆನಪಾಗುವುದು, ಮರೆಯೋಣವೆಂದರೆ ಪೇಟೆಯಲ್ಲಿ ಯಾವುದೋ ಮದುವೆಯ ಓಲಗ ಹೋಗುವುದು. ಓಲಗ ಕೇಳಿದರೆ ಒಲೆಯ ಮೇಲಿದ್ದದ್ದು ಸೀದರೂ ಸರಿ, ಕೊನೆಯ ಉಸಿರು ಜಗ್ಗುತ್ತದೆಯೋ ಅಂತ ಕಿವಿಗೊಟ್ಟು ನಿಂತುಬಿಡುತ್ತಿದ್ದಳು. ಜಗ್ಗುತ್ತಿರಲಿಲ್ಲ. ಅಣ್ಣಾಜಿರಾಯ ಸತ್ತ, ಛತ್ರ ಹಾಳುಬಿತ್ತು, ಅಚ್ಚಮ್ಮ ಅದರ ಅಡುಗೆಮನೆಯಲ್ಲೇ ಊಟದ ಮನೆ ನಡೆಸಿ ಮುದುಕಿಯಾದಳು. ಭಾಗಮ್ಮನೂ ಮುದುಕಿಯಾಗಿ, ಮಧ್ಯಾಹ್ನಕ್ಕೆ ಆ ಕಟ್ಟೆಯ ಮೇಲೇ ಕೂತು ಉಂಡು, ಉಂಡದ್ದಕ್ಕೆ ಕೊಂಕು ತೆಗೆದು ಹೋಗುತ್ತಿದ್ದಳು. ಹಾಗೆ ಒಂದು ದಿನ ಹುಳಿ ಸಪ್ಪೆ ಅಂದಳು. ನಾನು ಉಪ್ಪು ಮರೆಯುವವಳಲ್ಲ, ಒಂದು ಸಲ ಹೆಚ್ಚು ಹಾಕಿರಬಹುದು, ಮರೆತದ್ದಂತೂ ಇಲ್ಲ ಅಂದಳು ಅಚ್ಚಮ್ಮ. ಅದಕ್ಕೆ ಭಾಗಮ್ಮ ಒಂದು ಉತ್ತರ ಕೊಟ್ಟಳು. ಆ ಉತ್ತರ ಕೇಳಿ ಅಚ್ಚಮ್ಮ ಅಳಲಿಲ್ಲ, ಜಗಳವಾಡಲಿಲ್ಲ, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಮಾರನೇ ದಿನ ಉಪ್ಪಿಲ್ಲದ ಹುಳಿಯನ್ನು ತಂದು ಖಾಲಿ ಕಟ್ಟೆಯ ಮೇಲೆ ಎಲೆ ಹಾಕಿ ಬಡಿಸಿದಳು. ಒಳಗೆ ಹೋಗಿ, ಸೊಂಟ ಬಗ್ಗದಿದ್ದರೂ ಬಗ್ಗಿ, ಕಿಟಕಿಯಿಂದ ಕೇಳಿದಳು, ಉಪ್ಪು ಹೇಗಿದೆ ಅಂತ. ಬದುಕಿರುವವರೆಗೂ ಕೇಳಿದಳು.

ಈಗಲೂ ಕೇಳುತ್ತಾರೆ. ಅಲ್ಲಿ ಅಡುಗೆ ಮಾಡುವ ಹೆಂಗಸು ಯಾರೇ ಆಗಲಿ, ಮೊದಲ ಎಲೆಯನ್ನು ಸಪ್ಪೆ ಹುಳಿಯ ಜೊತೆ ಕಟ್ಟೆಯ ಮೇಲಿಟ್ಟು, ಕಿಟಕಿಗೆ ಬಗ್ಗಿ ಕೇಳಿ, ಒಂದು ಉಸಿರು ಕಾದು, ಆಮೇಲೆ ಉಳಿದವರಿಗೆ ಬಡಿಸುತ್ತಾಳೆ. ಆ ಎಲೆಗೆ ಬೇರೆ ಯಾರೂ ಉಪ್ಪು ಹಾಕಬಾರದು, ಬೇಕಾದವನು ಬಂದು ಗುಣಿಯಿಂದ ತಾನೇ ಹಾಕಿಕೊಳ್ಳಲಿ ಅಂತ ಕಟ್ಟುಪಾಡು. ಭಾನುವಾರದ ಗುಂಪಿನವರು ಒಬ್ಬೊಬ್ಬರಾಗಿ ಬಗ್ಗಿ ಕಿಟಕಿಯಲ್ಲಿ ಇಣುಕುತ್ತಾರೆ, ಅವರಿಗೆ ಕಾಣುವುದು ಒಂದು ಎಲೆ, ಒಂದಿಷ್ಟು ಬಿಸಿಲು. ಗುಣಿಯ ಉಪ್ಪು ಮಳೆಗೆ ಕರಗುವುದಿಲ್ಲ ಎನ್ನುತ್ತಾರೆ. ಕರಗುತ್ತದೆ, ಕರಗಿದಾಗಲೆಲ್ಲ ಯಾರೋ ತುಂಬುತ್ತಾರೆ. ಭಾಗಮ್ಮನ ಮನೆಯವರೇ ತುಂಬುತ್ತಾರೆ ಅಂತಲೂ ಮಾತಿದೆ, ಅದನ್ನು ನೀವು ಕೇಳಿಸಿಕೊಂಡಿಲ್ಲ.

ಹುಳಿ ಸಪ್ಪೆ ಅಂದ ಆ ದಿನ ಭಾಗಮ್ಮ ಎಲೆಯ ಮುಂದೆ ಕೂತು, ತಲೆಯೆತ್ತಿ, ಅಚ್ಚಮ್ಮನ ಮುಖಕ್ಕೇ ಹೇಳಿದ್ದು ಇಷ್ಟು:

“ಮರೆತಿಲ್ಲವಂತೆ. ಆ ಶ್ರಾವಣ ಶನಿವಾರ ಓಲಗದವನ ಪಾಲಿಗೆ ನೀನು ಉಪ್ಪೇ ಹಾಕಿರಲಿಲ್ಲ ಕಣೇ. ನೀನು ಒಳಗೆ ಹೋದಾಗ ನಾನೇ ಹಾಕಿ, ಕದಡಿ, ನಿನ್ನ ಮಾನ ಉಳಿಸಿದೆ. ಇಷ್ಟು ವರ್ಷ ಆಯ್ತು, ಒಂದು ದಿನಾನಾದ್ರೂ ಹೇಳಿಕೊಂಡಿದ್ದೀನಾ?”