ಗುಡ್ಡದ ಮುದುಕ ನಕ್ಕದ್ದೇಕೆ

೧೯೬೮ನೇ ಇಸವಿ ನವೆಂಬರ್ ೨೧, ಗುರುವಾರ. ನನ್ನ ಡೈರಿಯ ಆ ಪುಟದ ನೆತ್ತಿಯಲ್ಲಿ ‘ಅತ್ತೆ ಹೇಳಿದ ಕತೆ. ಎರಡು ಸಲ ಕೇಳಿ ಸರಿನೋಡಿದ್ದು’ ಎಂದು ಬರೆದಿದ್ದೇನೆ. ಬಿ.ಎ. ಮಾಡಿದ ಸೊಸೆ ತಮ್ಮ ಮಾತನ್ನು ಬರೆದಿಡುತ್ತಾಳೆಂದು ಅತ್ತೆಗೆ ಹೆಮ್ಮೆ. ನನಗೂ ಕಡಿಮೆ ಇರಲಿಲ್ಲ. ಕತೆ ಡಂಗುರದಿಂದ ಶುರುವಾಗುತ್ತದೆ.

“ಕೇಳ್ರಪ್ಪೋ ಕೇಳ್ರಿ! ಕೂಡಲಗಿರಿಯ ದೊರೆ ಸಿಂಗರಸರ ಅಪ್ಪಣೆ! ಕುಮಾರಿ ಮಾಳಲದೇವಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಒಡೆದವನಿಗೆ ಕುಮಾರಿಯ ಕೈ, ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆ ದಂಡ!”

ಕೂಡಲಗಿರಿಯ ಹೊಳೆಯನ್ನು ಮೂರು ಸೀಮೆಯ ಜನ ದಾಟುತ್ತಿದ್ದರು: ಬಯಲಿನವರು, ಕಡಲಿನವರು, ಗುಡ್ಡದವರು. ದೊರೆ ಬಯಲಿನವನು. ಮೂವರನ್ನೂ ಆಳುತ್ತಿದ್ದ, ಒಬ್ಬರ ಮನೆಯಲ್ಲೂ ಉಂಡವನಲ್ಲ.

ಮೊದಲ ದಿನ ಪಡುವಣ ನಾಡಿನ ರಾಜಕುಮಾರ ಹೇಮಾಂಗದ ಬಂದ. ಮಾಳಲದೇವಿ ಕೇಳಿದಳು: “ಒಬ್ಬಳೇ ಅತಿಥಿ ಮೂರು ಮನೆಗೆ ಹೋಗುತ್ತಾಳೆ. ಒಂದು ಮನೆಯವರು ಅವಳು ಬಂದಳೆಂದು ತಲೆ ತಗ್ಗಿಸುತ್ತಾರೆ. ಇನ್ನೊಂದು ಮನೆಯವರು ಒಲೆ ಹಚ್ಚಿ ನೆರೆಹೊರೆಗೆಲ್ಲ ಉಣಬಡಿಸುತ್ತಾರೆ. ಮೂರನೆಯವರು ಹಲ್ಲು ಬಿಟ್ಟು ನಗುತ್ತಾರೆ. ಯಾರವಳು?”

“ಇನ್ಯಾರು? ಲಕ್ಷ್ಮಿ!” ಎಂದ ಹೇಮಾಂಗದ. ತಲೆ ಉರುಳಿತು.

ಮರುದಿನ ಅವನ ಗೆಳೆಯ ರಣಮಲ್ಲ ಮೀಸೆ ತಿರುವುತ್ತ ಬಂದ. “ಮನೆಗೆ ಬರುವ ಮದುಮಗಳು. ಇಷ್ಟಕ್ಕೆ ಆ ಪಂಡಿತ ಹೇಮಾಂಗದ ಸತ್ತನೆ?” ಎಂದ. ಅವನದೂ ಉರುಳಿತು.

ಮಾಳಲದೇವಿ ಬಿಳಚಿಕೊಂಡಳು. “ಅಪ್ಪಾಜಿ, ತಲೆದಂಡ ನಿಲ್ಲಿಸಿ. ಒಗಟು ನನ್ನದು. ದಂಡ ನಾನು ಕೇಳಿದ್ದಲ್ಲ.”

“ಆಡಿದ ಮಾತಿಗೆ ತಪ್ಪುವ ವಂಶವಲ್ಲ ನಮ್ಮದು. ಇನ್ಯಾರಿದ್ದಾರೆ, ಮುಂದೆ ಬರಲಿ!”

ಬಂದವನು ಹರಿಗೋಲು ನಡೆಸುವ ಕೆಂಚ. ಮೊಣಕಾಲಿನವರೆಗೆ ಕೆಸರು. ಆಸ್ಥಾನ ಗೊಳ್ಳೆಂದಿತು. ಮಂತ್ರಿ ಮೂಗು ಮುಚ್ಚಿಕೊಂಡ. “ಏನೋ ಇದು, ಮೀನಿನ ನಾತ!”

“ತಲೆ ಹೋದ ಮೇಲೆ ಯಾರು ನಾರಿದರೇನು ಬುದ್ಧಿ? ಒಗಟು ಹೇಳ್ಸಿ.”

ಕುಮಾರಿ ಅದೇ ಒಗಟು ಹಾಕಿದಳು. ಕೆಂಚ ರೆಪ್ಪೆ ಬಡಿಯಲಿಲ್ಲ. “ಅವಳ ಹೆಸರು ನಾಚಿಕೆ, ತಾಯಿ. ತಪ್ಪು ಮಾಡಿದವರ ಮನೆಗೆ ಹೋಗ್ತಾಳೆ. ಬಯಲಿನವರು ತಲೆ ತಗ್ಗಿಸ್ತಾರೆ. ಕಡಲಿನ ಹೆಂಗಸೊಬ್ಬಳು ನನ್ನ ಹಗ್ಗ ಹರಿದು ಹಾಕಿದ್ದಕ್ಕೆ ದಡದಲ್ಲಿದ್ದವರಿಗೆಲ್ಲ ಮೀನುಸಾರು ಬಡಿಸಿದಳು. ಅವರ ಕಡೆ ತಪ್ಪೊಪ್ಪಿಗೆ ಅಂದ್ರೆ ಅದೇ. ಮೂರನೆಯವರು…” ಅವನು ತಿರುಗಿ ಬಾಗಿಲ ಕಡೆ ನೋಡಿದ. “ಗುಡ್ಡದವರು.”

“ಸರಿ!” ಎಂದಳು ಮಾಳಲದೇವಿ. ಕೂತಿದ್ದವರೆಲ್ಲ ಎದ್ದು ನಿಂತರು.

“ಎರಡನೆಯದು. ನಾಲಗೆ ಅರಸ, ಕೈ ಆಳು. ಆದರೂ ಅರಸನ ಮಾತು ಆಳಿಗೆ ಕೇಳಿಸುವುದಿಲ್ಲ. ನಡುವೆ ಒಬ್ಬ ಮೂಕ ದೂತ ಓಡಿಬಂದರೆ ಮಾತ್ರ ಆಳು ಏಳುತ್ತಾನೆ. ಯಾರು ಆ ದೂತ?”

“ಭಯ ಅನ್ನು!” “ದುಡ್ಡು ಅನ್ನೋ!” ಎಂದು ಹಿಂದಿನಿಂದ ಕೂಗಾಟ.

“ಮನಸ್ಸಾಕ್ಷಿ, ತಾಯಿ. ಎದೆಯೊಳಗೆ ಚುಚ್ಚುತ್ತಲ್ಲ, ಅದು. ಸತ್ಯ ದೊಡ್ಡದು ಅಂತ ಮೂರು ಸೀಮೆಯವರೂ ನನ್ನ ಹರಿಗೋಲಲ್ಲಿ ಕೂತು ಹೇಳ್ತಾರೆ. ನಾನೂ ಹೇಳ್ತಿದ್ದೆ. ಆದರೆ ಹೋದ ವರ್ಷ ಈ ಬಾಗಿಲ ಹತ್ತಿರ ನಿಂತಿದ್ದೆ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವತ್ತಿಂದ ಚುಚ್ಚಿ ಚುಚ್ಚಿ, ಇವತ್ತು ಇಲ್ಲಿಗೆ ತಂದು ನಿಲ್ಲಿಸಿದೆ.”

ಕುಮಾರಿಯ ಕಣ್ಣಲ್ಲಿ ನೀರು. “ಅದೂ ಸರಿ” ಎಂದಳು. ಮೂರನೆಯ ಒಗಟನ್ನು ಅವಳು ಕೆಂಚನಿಗೆ ಹಾಕಿದಳು, ನೋಡಿದ್ದು ಮಾತ್ರ ಅಪ್ಪನನ್ನು.

“ಹೋದ ವರ್ಷ ಬಿಳಿಗನೆಂಬ ಗುಡ್ಡದ ಮುದುಕ ಕಾಣಿಕೆಯ ಜೇನು ತಂದ. ಗಡಿಗೆ ಕೈಜಾರಿ ಪಟ್ಟದ ಕತ್ತಿಯ ಮೇಲೆ ಒಡೆಯಿತು. ಅವನು ನಕ್ಕ. ಬೈದಷ್ಟೂ ನಕ್ಕ. ಅರಸನನ್ನು ಅಣಕಿಸಿದನೆಂದು ಅದೇ ಕತ್ತಿಯಿಂದ ಅವನ ತಲೆ ತೆಗೆದರು. ಅವನು ನಕ್ಕದ್ದು ಯಾರನ್ನು?”

‘ದೊರೆಯನ್ನು’ ಎಂದರೆ ಒಗಟು ತಪ್ಪುತ್ತದೆ. ನಿಜ ಹೇಳಿದರೆ ದೊರೆಯೇ ತಪ್ಪಿತಸ್ಥ. ಎರಡು ಕಡೆಯೂ ಕತ್ತಿ!

ಸಿಂಗರಸ ಎದ್ದು ನಿಂತ. “ನೋಡಿ ಮಾತಾಡೋ, ಅಂಬಿಗ.”

“ನೋಡಿದ್ದನ್ನೇ ಮಾತಾಡ್ತೀನಿ ಬುದ್ಧಿ. ಒಮ್ಮೆ ಬಿಳಿಗಜ್ಜ ನನ್ನ ಹುಟ್ಟನ್ನು ಹೊಳೆಗೆ ಬೀಳಿಸಿದ. ಬಿದ್ದು ಬಿದ್ದು ನಕ್ಕ. ನನಗೂ ಮೈ ಉರೀತು, ನಾಲ್ಕು ಬಿಗಿಯೋಣ ಅನ್ನಿಸ್ತು. ಆಮೇಲೆ ಆ ಅಜ್ಜ ಮೂರು ದಿನ ನಡೆದು ಹೋಗಿ, ಹೊನ್ನೆ ಮರ ಹೊತ್ತು ತಂದು ಹೊಸ ಹುಟ್ಟು ಕೆತ್ತಿಕೊಟ್ಟ. ಅದನ್ನು ಕೊಡುವಾಗಲೂ ನಗು! ಗುಡ್ಡದವರು ತಮ್ಮ ತಪ್ಪಿಗೆ ತಾವೇ ನಕ್ಕು ನಾಚಿಕೆ ಪಡ್ತಾರೆ. ಅವನು ನಕ್ಕದ್ದು ತನ್ನನ್ನೇ. ನೀವು ಬೈದಷ್ಟೂ ನಾಚಿಕೆ ಹೆಚ್ಚಿತು, ನಗುವೂ ಹೆಚ್ಚಿತು. ಅವನು ಕ್ಷಮೆ ಕೇಳ್ತಿದ್ದ, ಬುದ್ಧಿ. ನೀವು ಕೊಂದಿರಿ. ನಾನು ನೋಡ್ತಾ ನಿಂತೆ.”

ದೊರೆಯ ಕತ್ತಿ ಅರ್ಧ ಹೊರಬಂತು. ಮಾಳಲದೇವಿ ಕೆಂಚನ ಮುಂದೆ ಬಂದು ನಿಂತಳು. “ಉತ್ತರ ಸರಿಯಿದೆ, ಅಪ್ಪಾಜಿ. ನಮ್ಮ ದಾದಿ ಗುಡ್ಡದವಳು. ನನಗೂ ಗೊತ್ತಿತ್ತು, ಹೇಳಿದ್ದೆ. ‘ಹೆಣ್ಣುಮಕ್ಕಳಿಗೇಕೆ ನ್ಯಾಯದ ಮಾತು’ ಎಂದಿರಿ. ಅದಕ್ಕೇ ಒಗಟು ಮಾಡಿದೆ. ಆಡಿದ ಮಾತಿಗೆ ತಪ್ಪುವ ವಂಶವೇ ನಮ್ಮದು?”

ಸಿಂಗರಸ ಕತ್ತಿಯನ್ನು ಮತ್ತೆ ಒರೆಗೆ ತಳ್ಳಿದ. ಕೊನೆಗೆ ಬಯಲಿನವರಂತೆಯೇ ಅವನ ತಲೆ ತಗ್ಗಿತು. ಕಿರೀಟ ಜಾರಿ ಮೆಟ್ಟಿಲ ಮೇಲೆ ಉರುಳಿತು. ಯಾರೂ ಎತ್ತಿಕೊಡಲಿಲ್ಲ.

ಕೆಂಚನಿಗೆ ಅರ್ಧ ರಾಜ್ಯ ಸಂದಿತು. ಮದುವೆಯ ಮಾತಿಗೆ ಅವನು, “ತಾಯಿ, ನಿಮ್ಮನ್ನು ಯಾರಾದರೂ ಕೇಳಿದರೇ?” ಎಂದ. ಅದು ಯಾರೂ ಹಾಕದ ನಾಲ್ಕನೆಯ ಒಗಟು. ಅವಳು ನಕ್ಕು ಒಪ್ಪಿದಳು. ಅಂದಿನಿಂದ ಯಾವ ಸೀಮೆಯವನ ಮೇಲೆ ದೂರು ಬಂದರೂ ಅದೇ ಸೀಮೆಯವನೊಬ್ಬ ಪಕ್ಕದಲ್ಲಿ ಕೂತು ಅವನ ಮುಖದ ಅರ್ಥ ಹೇಳಬೇಕೆಂದು ಕಟ್ಟಳೆಯಾಯಿತು.

ಅತ್ತೆ ಕತೆಯನ್ನು ಇಲ್ಲಿಗೆ ಮುಗಿಸಿ ಎಲೆ ಅಡಿಕೆಗೆ ಕೈ ಹಾಕುತ್ತಿದ್ದರು. ನಾನು ಬಿಡದೆ ಕೇಳಿ ಬರೆದುಕೊಂಡದ್ದು ಇಷ್ಟು: ಈ ಒಂದು ಮಾತು ದೊರೆಗೆ ಮುಟ್ಟುವುದರೊಳಗೆ ಬಿಳಿಗ ಹೋದ, ಹೇಮಾಂಗದ ಹೋದ, ರಣಮಲ್ಲ ಹೋದ. ಆ ಇಬ್ಬರು ಹುಡುಗರಿಗೆ ಇಪ್ಪತ್ತೈದು ತುಂಬಿರಲಿಲ್ಲ. ದೊರೆ ತಾನೇ ಗುಡ್ಡ ಹತ್ತಿ ಬಿಳಿಗನ ಹೆಂಡತಿಯ ಮುಂದೆ ನಿಂತ. ಅವಳು ಬಾಗಿಲು ತೆರೆಯಲಿಲ್ಲ. ಗುಡ್ಡದವರು ಎರಡು ತಲೆಮಾರು ಹೊಳೆ ದಾಟಲಿಲ್ಲ. ಮಾಳಲದೇವಿ ಮತ್ತೆ ಯಾರಿಗೂ, ತನ್ನ ಮಕ್ಕಳಿಗೂ, ಒಗಟು ಹಾಕಲಿಲ್ಲ.