ಚೌಡಮ್ಮ ಮೂಸಿ ನೋಡಿದ ಹುಗ್ಗಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಥೆ ಬರೆದು ಅಭ್ಯಾಸವಿಲ್ಲ. ಇದನ್ನು ನನಗೆ ಹೇಳಿದ ನಮ್ಮ ಸೋದರತ್ತೆ ನಾಲ್ಕು ಮಾತಿನಲ್ಲಿ ಮುಗಿಸಿದ್ದರು. ನಾನು ನಡುನಡುವೆ ವಿವರಣೆ ಕೊಡುತ್ತೇನೆ, ಕೊಡದಿದ್ದರೆ ಅರ್ಥವಾಗುವುದಿಲ್ಲವೇನೋ ಎಂಬ ಭಯ. ಕೆಟ್ಟದಾಗಿ ಹೇಳಿದ್ದರೆ ತಪ್ಪು ನನ್ನದು, ಕಥೆಯದ್ದಲ್ಲ.

ಒಂದು ನದಿ. ಅದರ ದಡದಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಗುರುಗಳು, ಕೆಲವರು ಶಿಷ್ಯರು. ಅಡುಗೆಮನೆಯನ್ನು ಶ್ರೀಕಂಠ ಎಂಬ ಶಿಷ್ಯ ನೋಡಿಕೊಳ್ಳುತ್ತಿದ್ದ.

ಶ್ರೀಕಂಠ ಎರಡು ನಿಯಮಗಳನ್ನು ಬಿಗಿಯಾಗಿ ಹಿಡಿದಿದ್ದ. ನೈವೇದ್ಯಕ್ಕೆ ಮಾಡಿದ್ದನ್ನು ಮೂಸಬಾರದು. ಪ್ರಸಾದವಾದ ಮೇಲೆ ಒಂದು ಅಗುಳನ್ನೂ ಎಸೆಯಬಾರದು.

(ಇವು ಅವನೇ ಮಾಡಿಕೊಂಡ ನಿಯಮಗಳಲ್ಲ. ಎಷ್ಟೋ ಮನೆಗಳಲ್ಲಿ ಈಗಲೂ ಇವೆ. ದೇವರಿಗಿಂತ ಮೊದಲು ನಮ್ಮ ಮೂಗು ಉಣ್ಣಬಾರದು ಎಂಬ ಭಾವ. ಒಳ್ಳೆಯ ಭಾವವೇ.)

ಆಶ್ರಮಕ್ಕೆ ಬುಟ್ಟಿ, ಮೊರ ಹೆಣೆದು ಕೊಡುತ್ತಿದ್ದವಳು ಚೌಡಮ್ಮ ಎಂಬ ಮುದುಕಿ. ಹತ್ತಿರದ ಕೇರಿಯಲ್ಲಿ ಮಗನ ಮನೆಯ ಪಕ್ಕದಲ್ಲೇ ಒಂದು ಗುಡಿಸಲು ಹಾಕಿಕೊಂಡಿದ್ದಳು. ಒಂದು ದಿನ ಮೊರ ತಂದವಳು ಅಂಗಳದಲ್ಲೇ ಕುಸಿದು ಕುಳಿತಳು.

"ಯಾಕೆ ಚೌಡಮ್ಮ, ಮುಖ ಬಾಡಿದೆ?" ಎಂದ ಶ್ರೀಕಂಠ.

"ವಾಂತಿ ಭೇದಿ, ಅಯ್ನೋರೇ. ಮೊನ್ನೆಯ ಮೀನು ಸಾರು ಉಳಿದಿತ್ತು. ಚೆಲ್ಲೋಕೆ ಮನಸ್ಸು ಬರಲಿಲ್ಲ."

"ಮೀನು! ಸತ್ತದ್ದನ್ನು ತಿಂದರೆ ಹೊಟ್ಟೆ ಸುಮ್ಮನಿರುತ್ತದೆಯೇ?"

"ಬದುಕಿರೋದನ್ನ ತಿನ್ನೋಕಾಗ್ತದಾ?" ಎಂದು ಆ ಸುಸ್ತಿನಲ್ಲೂ ಚೌಡಮ್ಮ ನಕ್ಕಳು.

"ನಗಬೇಡ. ಮೀನು ಮಾಂಸ ಬಿಟ್ಟುಬಿಡು. ನಮ್ಮ ಊಟದಲ್ಲಿ ರೋಗವೇ ಇಲ್ಲ."

"ಮೀನು ಬಿಟ್ಟರೆ ಹೊಟ್ಟೆ ಕೆಡೋದೇ ಇಲ್ವಾ?"

"ಇಲ್ಲ."

"ಅಷ್ಟು ಗಟ್ಟಿಯಾಗಿ ಹೇಳ್ತೀರಲ್ಲ, ಕೆಟ್ಟರೆ ಯಾರು ಹೊಣೆ?"

"ನಾನೇ ಹೊಣೆ. ಇಲ್ಲಿಗೇ ಬಂದು ಉಣ್ಣು."

ಗುರುಗಳು ಜಗಲಿಯಲ್ಲಿ ಹೂ ಕಟ್ಟುತ್ತಾ ಕುಳಿತಿದ್ದರು. ಅವರಿಗೆ ಎಲ್ಲವೂ ಕೇಳಿಸಿತು. ಮುಗುಳ್ನಕ್ಕರು. ಏನೂ ಹೇಳಲಿಲ್ಲ.

(ಈ ಮುಗುಳ್ನಗೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.)

ಚೌಡಮ್ಮ ಮೀನು ಬಿಟ್ಟಳು. ದಿನವೂ ಆಶ್ರಮಕ್ಕೆ ಬಂದು ಉಂಡಳು.

"ನಾಲಿಗೆ ಸತ್ತೇ ಹೋಯ್ತು, ಅಯ್ನೋರೇ. ಹೊಟ್ಟೆ ಒಂದು ಬದುಕಿದೆ," ಎಂದು ಗೊಣಗುವಳು. ಮರುದಿನ ಮತ್ತೆ ಬರುವಳು.

ಬೇಸಿಗೆಯಲ್ಲಿ ಒಂದು ದಿನ ವಿಶೇಷ ಪೂಜೆ. ಶ್ರೀಕಂಠ ನಸುಕಿನಲ್ಲೇ ದೊಡ್ಡ ಕೊಳಗದ ತುಂಬ ಹೆಸರುಬೇಳೆ ಹುಗ್ಗಿ ಮಾಡಿದ. ಆಚೆ ದಡದಿಂದ ಬರಬೇಕಿದ್ದ ಭಕ್ತರು ಬರಲಿಲ್ಲ. ಉಳಿದ ಹುಗ್ಗಿಯ ಮೇಲೆ ತಟ್ಟೆ ಮುಚ್ಚಿ ಒಲೆಯ ಪಕ್ಕದಲ್ಲೇ ಇಟ್ಟ.

ಚೌಡಮ್ಮ ಬಂದದ್ದು ಹೊತ್ತು ಇಳಿದ ಮೇಲೆ. ಎಲೆ ಹಾಕಿ ಹುಗ್ಗಿ ಬಡಿಸಿದ. ಅವಳು ಒಂದು ತುತ್ತು ಕಲಸಿ ಮೂಗಿನ ಹತ್ತಿರ ತಂದಳು.

"ಅಯ್ನೋರೇ, ಯಾಕೋ ಹುಳಿ ಹುಳಿ ವಾಸನೆ."

"ಪ್ರಸಾದವನ್ನು ಮೂಸಿ ನೋಡುತ್ತೀಯಾ? ಅದೇನು ಸಂತೆಯ ಮೀನೇ?"

ಚೌಡಮ್ಮ ಕೈ ಕೆಳಗಿಳಿಸಿದಳು. ಮುಖ ಸಣ್ಣದಾಯಿತು.

"ತಪ್ಪಾಯ್ತು," ಎಂದು ಕೆನ್ನೆಗೆ ಬಡಿದುಕೊಂಡಳು. ಆ ತುತ್ತನ್ನು ಕಣ್ಣಿಗೊತ್ತಿಕೊಂಡು ಉಂಡಳು. ತಪ್ಪು ತೀರಲೆಂದೋ ಏನೋ, ಇನ್ನೊಂದು ಸಲ ಹಾಕಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳ ಸೊಸೆ ಓಡಿಬಂದಳು. ಗುರುಗಳೂ ಶ್ರೀಕಂಠನೂ ಹೋದರು.

ಚೌಡಮ್ಮ ಚಾಪೆಯ ಮೇಲೆ ಬತ್ತಿದ ಹಾಗಿದ್ದಳು. ಕೊಟ್ಟ ನೀರೂ ನಿಲ್ಲುತ್ತಿರಲಿಲ್ಲ. ಶ್ರೀಕಂಠನನ್ನು ಕಂಡು ತುಟಿ ಅಲ್ಲಾಡಿಸಿದಳು.

"ಈ ಸಲ ತಪ್ಪನ್ನ ಮೀನಿನ ಮೇಲೆ ಹಾಕೋಕಾಗಲ್ಲ, ಅಯ್ನೋರೇ."

ಮಗ ಗಾಡಿ ಕಟ್ಟಿದ. ಪೇಟೆಯ ವೈದ್ಯರ ಮನೆ ಮುಟ್ಟುವ ಮೊದಲೇ ಅವಳ ಪ್ರಾಣ ಹೋಯಿತು.

(ಸೋದರತ್ತೆ ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ಬರೆಯುವಾಗ ಹಾಗೆ ಸುಮ್ಮನಾಗುವುದು ಹೇಗೆಂದು ನನಗೆ ಗೊತ್ತಿಲ್ಲ.)

ಆಶ್ರಮಕ್ಕೆ ಬಂದ ಮೇಲೆ ಶ್ರೀಕಂಠ ತಾನಾಗಿಯೇ ಹೇಳಿದ, "ವಯಸ್ಸಾಗಿತ್ತು."

ಗುರುಗಳು ಕಾಲು ತೊಳೆದು ಜಗಲಿಯಲ್ಲಿ ಕುಳಿತರು.

"ಗುಟ್ಟಾಗಿ ಮೀನು ತಿಂದಿರಬಹುದು, ಗುರುಗಳೇ. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ."

ಗುರುಗಳು ಎದ್ದು ಹೊರಟರು. ತಿರುಗಿ ಬಂದಾಗ ಅವರ ಕೈಯಲ್ಲಿ ಒಂದು ಮಣ್ಣಿನ ಮಡಕೆ ಇತ್ತು. ಚೌಡಮ್ಮನ ಮೀನು ಸಾರಿನ ಮಡಕೆ. ಸೊಸೆಯನ್ನು ಕೇಳಿ ತಂದಿದ್ದರು. ಅದನ್ನು ಶ್ರೀಕಂಠನ ಮುಂದಿಟ್ಟರು.

ಅವನು ಬಗ್ಗಿ ನೋಡಿದ. ಒಳಗೆ ಜೇಡ ಬಲೆ ಕಟ್ಟಿತ್ತು. ಬಲೆಯ ಮೇಲೆ ಧೂಳು ಕೂತಿತ್ತು.



"ನಿನ್ನೆಯ ಹುಗ್ಗಿ ನೀನೂ ಉಂಡೆಯಲ್ಲ?" ಎಂದರು ಗುರುಗಳು.

"ಉಂಡೆ. ನನಗೇನೂ ಆಗಲಿಲ್ಲ."

"ಯಾವಾಗ ಉಂಡೆ?"

"ಬೆಳಿಗ್ಗೆ. ಪೂಜೆ ಮುಗಿದ ಕೂಡಲೇ, ಬಿಸಿ..."



(ಅಂದರೆ, ಅವನು ಉಂಡಾಗ ಹುಗ್ಗಿ ಚೆನ್ನಾಗಿತ್ತು. ಅದೇ ಹುಗ್ಗಿ ಸೆಕೆಯಲ್ಲಿ, ಮುಚ್ಚಿದ ಕೊಳಗದಲ್ಲಿ, ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ ಸಂಜೆಯವರೆಗೆ ಕೂತಿತ್ತು. ಚೌಡಮ್ಮ ಉಂಡದ್ದು ಆಗ. ಇದನ್ನು ನೀವು ಈಗಾಗಲೇ ತಿಳಿದಿರುತ್ತೀರಿ.)

ಮಡಕೆಯನ್ನು ಪಕ್ಕಕ್ಕಿಟ್ಟು ಶ್ರೀಕಂಠ ಕೇಳಿದ, "ಹಾಗಾದರೆ ನಾವು ಮಾಂಸ ಬಿಟ್ಟದ್ದು ವ್ಯರ್ಥವೇ, ಗುರುಗಳೇ?"

"ವ್ಯರ್ಥ ಹೇಗೆ? ಮೀನು ಉಳಿಯಿತು."

"ಮತ್ತೆ ನಮ್ಮ ಹೊಟ್ಟೆ?"

"ಅದನ್ನು ನೀನು ಕಾಯಬೇಕಿತ್ತು. ಆ ಕೆಲಸವನ್ನು ವ್ರತಕ್ಕೆ ಒಪ್ಪಿಸಿ ನೀನು ಮಲಗಿಬಿಟ್ಟೆ."

ಶ್ರೀಕಂಠ ಅವರ ಕಾಲು ಹಿಡಿದುಕೊಂಡ. "ನಾನೇ ಹೊಣೆ ಅಂದಿದ್ದೆ. ಅವಳು ನಂಬಿದಳು."

"ನೀನು ಅಂದಾಗ ನಾನು ಜಗಲಿಯಲ್ಲೇ ಇದ್ದೆ," ಎಂದರು ಗುರುಗಳು. "ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತಿದ್ದೀಯ ಅಂತ ನನಗೆ ಗೊತ್ತಿತ್ತು. ಒಂದಿಷ್ಟು ಮೀನು ಬದುಕುತ್ತವಲ್ಲ ಅಂತ ನಕ್ಕು ಸುಮ್ಮನಾದೆ."

 

"ನಾಳೆಯಿಂದ ಉಪವಾಸ ಕೂರುತ್ತೇನೆ, ಗುರುಗಳೇ. ಇನ್ನು ಅಡುಗೆಮನೆಗೆ ಕಾಲಿಡುವುದಿಲ್ಲ."

"ಉಪವಾಸ ಸುಲಭ. ನಾಳೆ ಹುಗ್ಗಿ ಮಾಡು."

"ಹುಗ್ಗಿಯನ್ನೇ?"

"ಹುಗ್ಗಿಯನ್ನೇ."

ಆ ಸಂಜೆ ಕೊಳಗದ ತಳದಲ್ಲಿ ಉಳಿದಿದ್ದ ಹಳೆಯ ಹುಗ್ಗಿಯನ್ನು ಗುರುಗಳೇ ಹಿತ್ತಲಲ್ಲಿ ಗುಂಡಿ ತೋಡಿ ಮಣ್ಣಿಗೆ ಹಾಕಿದರು. ಒಬ್ಬ ಶಿಷ್ಯ ಮೆಲ್ಲಗೆ "ಪ್ರಸಾದ..." ಎಂದ. ಗುರುಗಳು ಕೇಳಿಸಿಕೊಂಡರು. ಮಣ್ಣು ಎಳೆದರು.

ಶ್ರೀಕಂಠ ಕೊಳಗವನ್ನು ಕತ್ತಲಾಗುವವರೆಗೂ ತಿಕ್ಕಿದ.

ಮರುದಿನ ಹುಗ್ಗಿ ಬೆಂದಿತು. ಹಬೆಯಾಡುತ್ತಿದ್ದ ಪಾತ್ರೆಯನ್ನು ದೇವರ ಮುಂದೆ ತಂದಿಟ್ಟರು. ಒಬ್ಬ ಶಿಷ್ಯ ಗಂಟೆ ಕೈಗೆತ್ತಿಕೊಂಡ.

ಗುರುಗಳು ಅವನನ್ನು ತಡೆದರು. ಪಾತ್ರೆಯ ಮೇಲೆ ಬಗ್ಗಿದರು. ಕಣ್ಣು ಮುಚ್ಚಿ ನಿಧಾನವಾಗಿ, ಎಲ್ಲರೆದುರಿಗೆ, ಹುಗ್ಗಿಯನ್ನು ಮೂಸಿದರು.

ಶ್ರೀಕಂಠ ಬೆಚ್ಚಿದ. "ಗುರುಗಳೇ! ದೇವರಿಗಿಂತ ಮೊದಲು?"

ಗುರುಗಳು ಕಣ್ಣು ತೆರೆದರು.

"ಚೌಡಮ್ಮ ಇದ್ದಿದ್ದರೆ ಅವಳನ್ನೇ ಕರೆಯುತ್ತಿದ್ದೆ."

ಸೋದರತ್ತೆ ಇಲ್ಲಿಗೆ ಮುಗಿಸುತ್ತಿದ್ದರು. ನಾನೂ ಮುಗಿಸಬೇಕು. ಆದರೆ ಯಾರಾದರೂ ತಪ್ಪು ತಿಳಿದುಕೊಂಡರೆ ಎಂದು ಇನ್ನೆರಡು ಮಾತು. ಮೀನು ಮಾಂಸ ತಿಂದರೆ ಏನೂ ಆಗುವುದಿಲ್ಲ ಎಂದು ಗುರುಗಳು ಹೇಳಲಿಲ್ಲ. ಚೌಡಮ್ಮ ಮೊದಲ ಸಲ ಕಾಯಿಲೆ ಬಿದ್ದದ್ದು ಹಳಸಿದ ಮೀನಿನಿಂದಲೇ. ಮಾಂಸ ಬಿಟ್ಟವರಿಗೆ ಅದರಿಂದ ಬರುವ ಕೆಲವು ಕಾಯಿಲೆಗಳು ತಪ್ಪುತ್ತವೆ, ನಿಜ. ಆದರೆ ಅನ್ನ, ಬೇಳೆ, ನೀರು, ಸೊಪ್ಪು, ಬಡಿಸುವ ಕೈ, ಇವು ಇದ್ದೇ ಇರುತ್ತವಲ್ಲ. ಇನ್ನೊಂದು, ಮೂಗೊಂದನ್ನೇ ನಂಬಬಾರದು. ವಾಸನೆ ಬಾರದೆಯೂ ಅನ್ನ ಕೆಟ್ಟಿರಬಹುದು. ಅಂಥ ಅನ್ನವನ್ನು ಮತ್ತೆ ಬಿಸಿ ಮಾಡಿದರೂ ಅದರೊಳಗಿನ ವಿಷ ಹೋಗದೆ ಇರಬಹುದು, ಯಾಕೆಂದರೆ...

ಅಡುಗೆಮನೆಯಿಂದ ನನ್ನ ಹೆಂಡತಿ ಕರೆಯುತ್ತಿದ್ದಾಳೆ. "ಏನ್ರೀ, ಬೆಳಗಿನ ಅನ್ನ ಪಾತ್ರೆಯಲ್ಲೇ ಉಳಿದಿದೆ. ಒಗ್ಗರಣೆ ಹಾಕಿಬಿಡಲಾ? ಒಂದು ಸಲ ಬಂದು ಮೂಸಿ ನೋಡಿ."