ಉಡಚಪ್ಪನ ಮನೆಯ ಬೆಂಕಿ

ಬಹಳ ಹಿಂದೆ, ಹೊಳೆಯಾಚೆ ಮುಳ್ಳಿಗೇರಿ ಅಂತ ಒಂದು ಊರು. ಆ ಊರಿನ ಹೊರಗೆ ಕೇರಿ, ಕೇರಿಯ ತುದಿಯಲ್ಲಿ ಹಲಗೆ ಬಡಿಯುವ ಉಡಚಪ್ಪನ ಗುಡಿಸಲು. ಅವನು ಹಲಗೆ ಬಡಿದರೆ ಹೊಳೆಯ ಈಚೆ ದಡದಲ್ಲಿ ಮೇಯುವ ದನ ತಲೆ ಎತ್ತುತ್ತಿದ್ದವಂತೆ. ಇರಬಹುದು. ನಾನಂತೂ ದನಗಳನ್ನು ಕೇಳಿಲ್ಲ, ನಮ್ಮಜ್ಜಿ ಹೇಳಿದ್ದನ್ನು ಹೇಳುತ್ತಿದ್ದೇನೆ.

ಹಲಗೆ ಅಂದರೆ ಚರ್ಮದ ವಾದ್ಯ ನೋಡಿ, ಬೆಂಕಿಗೆ ಕಾಯಿಸದಿದ್ದರೆ ಅದಕ್ಕೆ ದನಿ ಇಲ್ಲ. ಮುಳ್ಳಿಗೇರಿಯಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮನೆಯ ಸುದ್ದಿ ಸಾರಬೇಕೋ ಅವರ ಮನೆಯ ಬೆಂಕಿಯಲ್ಲೇ ಹಲಗೆ ಕಾಯಬೇಕು. ಮದುವೆಯಾದರೆ ಮದುವೆ ಮನೆಯ ಬೆಂಕಿ, ಸಾವಾದರೆ ಸಾವಿನ ಮನೆಯ ಬೆಂಕಿ. ಒಡೆದ ಗಡಿಗೆಯ ಚೂರಿನಲ್ಲಿ ನಾಲ್ಕು ಕೆಂಡ ತಂದು, ಅಂಗಳದ ಆಚೆ ಇಟ್ಟು, ಸರಿದು ನಿಲ್ಲುತ್ತಿದ್ದರು. ಉಡಚಪ್ಪ ಬಗ್ಗಿ ಎತ್ತಿಕೊಳ್ಳುತ್ತಿದ್ದ. ಅವನ ಕೈಗೆ ಯಾರೂ ಕೊಟ್ಟವರಲ್ಲ. ಊರಿನವರ ಸುಖದುಃಖವನ್ನೆಲ್ಲ ಸಾರಿದವನ ಮನೆಯ ಸುದ್ದಿಗೆ ಮಾತ್ರ ಹಲಗೆ ಎಂದೂ ಬಿದ್ದಿರಲಿಲ್ಲ.

ಅದು ಬಿಳಿಯರ ಆಳ್ವಿಕೆ. ಸರಕಾರಕ್ಕೆ ಕಂದಾಯ ಕೊಡಬಾರದು, ಹೊಡೆದರೆ ಹೊಡೆಸಿಕೊಳ್ಳಬೇಕು, ತಿರುಗಿ ಕೈ ಎತ್ತಬಾರದು ಅಂತ ಊರೂರೇ ಗಟ್ಟಿಮಾಡಿಕೊಂಡಿದ್ದ ಕಾಲ. ಮುಳ್ಳಿಗೇರಿಯೂ ಗಟ್ಟಿಮಾಡಿಕೊಂಡಿತು. ತಾಲೂಕಿನ ಅಧಿಕಾರಿ ಮಾಮಲೇದಾರ ಬಂದ, ಪೊಲೀಸರು ಬಂದರು. ಎತ್ತು ಬಿಚ್ಚಿಕೊಂಡರು, ಹಂಡೆ ಹೊತ್ತರು, ನೇಗಿಲನ್ನೂ ಬಿಡಲಿಲ್ಲ. ಎಲ್ಲವನ್ನೂ ಚಾವಡಿ ಮುಂದೆ ಒಟ್ಟಿ, ನಾಳೆ ಹರಾಜು ಅಂದರು. ಕೊಳ್ಳುವವರನ್ನು ಬೇರೆ ಊರಿಂದ ಬಂಡಿ ಕಟ್ಟಿಸಿ ಕರೆಸಿದರು. ಆದರೆ ಡಂಗುರ ಸಾರದೆ ಹರಾಜು ನಡೆಯುವ ಹಾಗಿಲ್ಲ. ಅದು ಸರಕಾರದ್ದೇ ಕಾನೂನು.

ಈಗ ಉಡಚಪ್ಪನ ಪಾಡು ಕೇಳಿ. ಡಂಗುರದ ಚಾಕರಿಗೆಂದು ಸರಕಾರ ಅವನಿಗೆ ಒಂದು ತುಂಡು ಹೊಲ ಬಿಟ್ಟಿತ್ತು. ಸಾರುವುದಿಲ್ಲ ಅಂದರೆ ಆ ಹೊಲ ಹೋಗುತ್ತದೆ. ಹೆಂಡತಿ ತೀರಿಹೋಗಿದ್ದಳು. ಮಗಳು ಗುತ್ಯವ್ವ ತವರಿಗೆ ಬಂದು ಹಡೆದು, ಹಸಿ ಬಾಣಂತಿಯಾಗಿ ಹೊರಸಿನ ಮೇಲೆ ಮಲಗಿದ್ದಳು. ಹೊಲ ಹೋದರೆ ಆ ಬಾಯಿಗೆ ಏನು ಹಾಕುವುದು? ಉಡಚಪ್ಪ ಧೈರ್ಯದ ಮನುಷ್ಯ ಅಂತ ಈಗ ಎಲ್ಲರೂ ಹೇಳುತ್ತಾರೆ. ನಮ್ಮಜ್ಜಿ ಹೇಳುತ್ತಿದ್ದಳು, ಆವತ್ತು ಅವನಿಗೆ ಅನ್ನ ಇಳಿದಿರಲಿಲ್ಲ ಅಂತ.

ಊರಿನ ಹೆಂಗಸರಿಗೂ ಅವನ ಸಂಕಟ ಗೊತ್ತಿತ್ತು. ಅವನ ಬಾಯಿಂದ ಇಲ್ಲ ಅನ್ನಿಸುವುದು ಬೇಡ, ಬೆಂಕಿಯೇ ಇಲ್ಲದ ಹಾಗೆ ಮಾಡೋಣ ಅಂದುಕೊಂಡರು. ಗೌಡರ ಮನೆಯ ಹಿರಿಯಳು ಶಿವಲಿಂಗವ್ವ ಮೊದಲು ತನ್ನ ಒಲೆಗೆ ನೀರು ಹೊಯ್ದಳು. ಬೆಳಗಾಗುವಷ್ಟರಲ್ಲಿ ಊರಿನ ಯಾವ ಮಾಡಿನಿಂದಲೂ ಹೊಗೆ ಏಳಲಿಲ್ಲ. ಮಕ್ಕಳಿಗೆ ನೆನೆಸಿದ ಅವಲಕ್ಕಿ. ಆಷಾಢದ ಜಿಟಿಜಿಟಿ ಮಳೆ, ಹಲಗೆ ತೊಯ್ದ ಅರಿವೆಯ ಹಾಗೆ ಜೋತುಬಿದ್ದಿತ್ತು. ಮಾಮಲೇದಾರನ ಕಡ್ಡಿಪೆಟ್ಟಿಗೆಯೂ ಹೊತ್ತಲಿಲ್ಲ. ಮಳೆಗೆ ನೆನೆದಿತ್ತು ಅಂತ ಕೆಲವರು, ಅವನ ಜವಾನ ಪಟ್ಟೇವಾಲನೇ ನೆನೆಸಿದ ಅಂತ ಕೆಲವರು.

ಆದರೆ ಒಂದು ತಪ್ಪಾಗಿತ್ತು. ಊರಿನ ಒಲೆಗಳನ್ನೆಲ್ಲ ನೆನಪಿಟ್ಟು ಆರಿಸಿದವರು ಕೇರಿಯ ಬಾಣಂತಿಯನ್ನು ಮರೆತಿದ್ದರು. ಊರು ಅಂದರೆ ಅವರ ತಲೆಯಲ್ಲಿ ಅಗಸೆಬಾಗಿಲಿನ ಒಳಗಿನದಷ್ಟೇ. ಕೇರಿಯ ಉಳಿದ ಮನೆಯವರು ಊರನ್ನು ನೋಡಿ ತಾವೇ ಒಲೆ ಆರಿಸಿದ್ದರು, ಗುತ್ಯವ್ವನ ಹೊರಸಿನ ಕೆಳಗೆ ಮಾತ್ರ ಕುಳ್ಳಿನ ಬೆಂಕಿ ಸಣ್ಣಗೆ ಉರಿಯುತ್ತಿತ್ತು. ಮಾಮಲೇದಾರ ಆ ಹೊಗೆ ನೋಡಿದ. ನಕ್ಕು, ಅಗೋ ಅಲ್ಲಿದೆ ಬೆಂಕಿ, ಕಾಯಿಸಿಕೊಂಡು ಬಾ ಅಂದ.

ಉಡಚಪ್ಪ ಗುಡಿಸಲಿಗೆ ಹೋಗಿ ನಿಂತ. ಬೆಂಕಿ ಆರಿಸಿದರೆ ಆ ಥಂಡಿಯಲ್ಲಿ ಕೂಸು ಉಳಿಯುವುದಿಲ್ಲ. ಕಾಯಿಸಿಕೊಂಡು ಹೋದರೆ ಊರಿನ ಎತ್ತು, ಹಂಡೆ ಎಲ್ಲ ಕಂಡವರ ಪಾಲು. ಆಗ ಹೊರಸಿನ ಮೇಲಿಂದ ಗುತ್ಯವ್ವ ಅಂದಳು:

"ಅಪ್ಪಾ, ಇದು ನಮ್ಮ ಮನಿ ಬೆಂಕಿ. ನಮ್ಮ ಮನಿ ಸುದ್ದೀನ ಸಾರು."

ಉಡಚಪ್ಪ ಕೂತ. ನಿಧಾನವಾಗಿ, ಮದುವೆ ಮನೆಗೆ ಕಾಯಿಸುವ ಹಾಗೆ ಹಲಗೆ ಕಾಯಿಸಿದ. ಚಾವಡಿ ಮುಂದೆ ಬಂದು, ಸಾಮಾನಿನ ರಾಶಿಯ ಪಕ್ಕ ನಿಂತು ಬಡಿದ. ಅಂಥ ಪೆಟ್ಟು ಅವನ ಕೈಯಿಂದ ಎಂದೂ ಬಿದ್ದಿರಲಿಲ್ಲವಂತೆ.

"ಕೇಳ್ರಪ್ಪೋ ಕೇಳ್ರಿ! ಹಲಗಿ ಉಡಚಪ್ಪನ ಮನ್ಯಾಗ ಹೆಣ್ಣು ಹುಟ್ಟೈತಿ. ತಾಯಿ ಮಗಳು ಅರಾಮ ಅದಾರ."

ಜನ ಬಾಗಿಲಿಗೆ ಬಂದರು. ಮೊದಲು ಅರ್ಥವಾಗಲಿಲ್ಲ, ಆಮೇಲೆ ನಕ್ಕರು, ಆಮೇಲೆ ಕೆಲವರು ಕಣ್ಣು ಒರೆಸಿಕೊಂಡರು. ಮಾಮಲೇದಾರ ಹರಾಜು ಸಾರು ಅಂತ ಅಬ್ಬರಿಸಿದ. ಉಡಚಪ್ಪ ಕೈಮುಗಿದು, ನಮ್ಮ ಬೆಂಕಿ ನಮ್ಮ ಸುದ್ದಿಗೆ ಆಯಿತು, ನಿಮ್ಮ ಸುದ್ದಿಗೆ ನಿಮ್ಮ ಬೆಂಕಿ ತರಿಸಿ ಅಂದ. ಲಾಠಿ ಬಿತ್ತು. ಅವನು ಕೈ ಎತ್ತಲಿಲ್ಲ. ಬಿದ್ದ ಪ್ರತಿ ಏಟಿಗೂ, ತಾಯಿ ಮಗಳು ಅರಾಮ ಅದಾರ ಅಂತ ಸಾರಿದ. ಬೂಟುಗಾಲಿನಿಂದ ಹಲಗೆ ಒಡೆದರು, ಅವನು ಬರಿಬಾಯಲ್ಲಿ ಸಾರಿದ. ಕೊಳ್ಳಲು ಬಂದವರಿಗೆ ನೋಡಲಾಗಲಿಲ್ಲ. ಒಬ್ಬೊಬ್ಬರಾಗಿ ಬಂಡಿ ತಿರುಗಿಸಿಕೊಂಡು ಹೋದರು. ಹರಾಜು ನಡೆಯಲಿಲ್ಲ. ಉಡಚಪ್ಪನನ್ನು ಕಟ್ಟಿಕೊಂಡು ಜೈಲಿಗೆ ಒಯ್ದರು. ಅವನ ಹೊಲ ಹೋಯಿತು.

ಸಂಜೆ ಊರಿಗೆ ಹಸಿವಾಯಿತು. ಒಲೆ ಹಚ್ಚಬೇಕು, ಆದರೆ ಬೆಂಕಿ ಎಲ್ಲಿದೆ? ಇದ್ದದ್ದು ಒಂದೇ ಕಡೆ. ಅದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಶಿವಲಿಂಗವ್ವ ಎದ್ದಳು. ಹುಟ್ಟಿದಾಗಿನಿಂದ ಕೇರಿ ತುಳಿಯದ ಮುದುಕಿ ಉಡಚಪ್ಪನ ಬಾಗಿಲಲ್ಲಿ ಹೋಗಿ ನಿಂತಳು.

"ಯವ್ವಾ, ಒಂದೀಟು ಬೆಂಕಿ ಕೊಡ್ತೀಯೇನ?"

ಗುತ್ಯವ್ವ ಗಡಿಗೆ ಚೂರಿನಲ್ಲಿ ಕೆಂಡ ತಂದು, ರೂಢಿಯಂತೆ ನೆಲದ ಮೇಲಿಟ್ಟು ಸರಿದಳು. ಶಿವಲಿಂಗವ್ವ ಬಗ್ಗಲಿಲ್ಲ. ಎರಡೂ ಕೈ ಚಾಚಿ ನಿಂತಳು. ಗುತ್ಯವ್ವ ಆ ಕೈಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎತ್ತಿ ಕೈಗೆ ಕೊಟ್ಟಳು. ಹಿಂದೆಯೇ ಊರ ಹೆಂಗಸರು ಸಾಲು ಹಿಡಿದರು. ಆ ಬೆಂಕಿ ಒಲ್ಲೆವೆಂದು ಹಸಿದು ಮಲಗಿದವರೂ ಇದ್ದರು. ಅವರ ಹೆಸರು ನನಗೆ ಗೊತ್ತು, ಹೇಳುವುದಿಲ್ಲ. ಅವರ ಮೊಮ್ಮಕ್ಕಳು ಇಲ್ಲೇ ಕೂತಿದ್ದಾರೆ.

ಉಡಚಪ್ಪ ತಲೆ ಹಣ್ಣಾಗಿ ವಾಪಸು ಬಂದ. ಹೊಲ ಮಾತ್ರ ಬರಲಿಲ್ಲ, ಬಿಳಿಯರು ಹೋದ ಮೇಲೂ ಬರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗಲೂ ಆಷಾಢದಲ್ಲಿ ಒಂದು ದಿನ ಮುಳ್ಳಿಗೇರಿಯಲ್ಲಿ ಒಲೆ ಹಚ್ಚುವುದಿಲ್ಲ, ಗ್ಯಾಸನ್ನೂ ಹಚ್ಚುವುದಿಲ್ಲ. ಸಂಜೆ ಉಡಚಪ್ಪನ ಮನೆಗೆ ಹೋಗಿ ಬೆಂಕಿಯನ್ನು ಕೈಯಿಂದ ಕೈಗೆ ಇಸಿದುಕೊಂಡು ಬರುತ್ತಾರೆ. ಆ ಊರಿನಲ್ಲಿ ಡಂಗುರ ಯಾತಕ್ಕೇ ಬೀಳಲಿ, ನಲ್ಲಿಯ ನೀರಿಗೇ ಬೀಳಲಿ, ಮೊದಲು ಸಾರುವುದು ಒಂದೇ ಸುದ್ದಿ: ಉಡಚಪ್ಪನ ಮನ್ಯಾಗ ಹೆಣ್ಣು ಹುಟ್ಟೈತಿ, ತಾಯಿ ಮಗಳು ಅರಾಮ ಅದಾರ. ಆ ಕೂಸು ಮುದುಕಿಯಾಗಿ ಮಣ್ಣಿಗೆ ಸೇರಿ ಎಷ್ಟೋ ಕಾಲವಾಯಿತು. ಆದರೂ ಹಲಗೆಯ ದನಿ ಕೇಳಿದ ಕೂಡಲೇ ಊರಿನ ಅಜ್ಜಿಯರು ಬಾಗಿಲಿಗೆ ಬಂದು, ಒಳ್ಳೇದಾಗ್ಲಿ ಯವ್ವಾ ಅಂತ ಹರಸಿ ಒಳಗೆ ಹೋಗುತ್ತಾರೆ.